ಬೆನ್ನುಮೂಳೆ ನುಡಿದ ಸಾಕ್ಷಿ: ಹಂದಿಗೋಡು ಕಾಯಿಲೆಯ ಚರಿತ್ರೆ

ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಿನ ಮಲವಗೊಪ್ಪದಲ್ಲಿ ಬಸ್ಸಿಗೆ ಕಾಯುತ್ತ ನಿಂತವರ ಎದುರಿಗಿರುವುದು ಬಿ.ಎಚ್. ರಸ್ತೆ. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ದಾರಿ ಎಂಬುದರ ಸಂಕ್ಷಿಪ್ತ ರೂಪ ಅದು. ಪೂರ್ವಕ್ಕೆ ಹೊರಟರೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸಿಗುತ್ತದೆ. ಪಶ್ಚಿಮಕ್ಕೆ ಹೊರಟರೆ ಶಿವಮೊಗ್ಗ ದಾಟಿ, ಆಯನೂರು, ಕುಂಸಿ, ಆನಂದಪುರಗಳ ಮೂಲಕ ಸುಮಾರು 70 ಕಿಲೋಮೀಟರ್ ಕ್ರಮಿಸಿದಾಗ ಸಾಗರ ಬರುತ್ತದೆ. ಸಾಗರದ ಸುತ್ತಿನ ಊರುಗಳ ಹೆಸರು ನಾಡಿಗೆಲ್ಲ ಪರಿಚಿತ. ಕೆಳದಿ ಎಂದರೆ ಅರಸುಮನೆತನ ನೆನಪಾಗುತ್ತದೆ, ಕಾಗೋಡು ಎಂದರೆ 1951ರ ರೈತ ಸತ್ಯಾಗ್ರಹ, ಹೆಗ್ಗೋಡು ಎಂದರೆ ನೀನಾಸಂ. ಅದೇ ಸೀಮೆಯ ಇನ್ನೊಂದು ಊರು ಹಂದಿಗೋಡು. ಈ ಹೆಸರೂ ದೇಶ ದಾಟಿ ಹೋಗಿದೆ. ಆದರೆ ಅದು ಹೋದದ್ದು ವೈದ್ಯಕೀಯ ಪುಸ್ತಕಗಳ ಒಳಗೆ, ಒಂದು ಕಾಯಿಲೆಯ ಹೆಸರಾಗಿ.

ಶಿವಮೊಗ್ಗ ಜಿಲ್ಲೆ ವೈದ್ಯಶಾಸ್ತ್ರಕ್ಕೆ ಹೀಗೆ ಎರಡು ಊರುಗಳ ಹೆಸರನ್ನು ಕೊಟ್ಟಿದೆ. ಮೊದಲನೆಯದು ಸೊರಬ ತಾಲ್ಲೂಕಿನ ಕ್ಯಾಸನೂರು. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಉಣ್ಣೆಗಳಿಂದ ಹರಡುವ ಹೊಸ ವೈರಸ್ಸೊಂದನ್ನು ಗುರುತಿಸಿದರು. ನಾವು ಮಂಗನ ಕಾಯಿಲೆ ಎನ್ನುವುದಕ್ಕೆ ಜಗತ್ತು ಕ್ಯಾಸನೂರು ಕಾಡಿನ ಕಾಯಿಲೆ ಎನ್ನುತ್ತದೆ. ಅದರ ಕಥೆ ಬಹುಮಂದಿಗೆ ಗೊತ್ತು. ಎರಡನೆಯದರ ಕಥೆ ಅಷ್ಟಾಗಿ ಗೊತ್ತಿಲ್ಲ. ಕಾರಣ, ಅದು ಜ್ವರದಂತೆ ಬಂದು ಹೋಗುವುದಿಲ್ಲ. ಕೊಲ್ಲುವುದಿಲ್ಲ, ಹರಡುವುದಿಲ್ಲ. ಕೆಲವೇ ಕುಟುಂಬಗಳ ಮೂಳೆಯೊಳಗೆ ತಲೆಮಾರಿನಿಂದ ತಲೆಮಾರಿಗೆ ಸದ್ದಿಲ್ಲದೆ ಸಾಗುತ್ತದೆ. ಕಿರುತೆರೆಯ ಅರ್ಧ ಗಂಟೆಯ ಮಾತುಕತೆಯಲ್ಲಿ ವೈದ್ಯರು ಲಕ್ಷಣ, ಚಿಕಿತ್ಸೆಗಳ ಬಗ್ಗೆ ಹೇಳುತ್ತಾರೆ. ಚರಿತ್ರೆಗೆ ಅಲ್ಲಿ ಸಮಯ ಉಳಿಯುವುದಿಲ್ಲ. ಆ ಕಾರಣಕ್ಕೆ ಈ ಪುಟಗಳು.

ಗದ್ದೆಯ ಬದುವಿನಲ್ಲಿ ಕುಳಿತವರು

1974-75ರ ಸುಮಾರಿಗೆ ಹಂದಿಗೋಡಿನ ಸುದ್ದಿ ಹೊರಗೆ ಬಂತು. ಊರಿನ ಕೃಷಿ ಕೂಲಿಕಾರರ ಮನೆಗಳಲ್ಲಿ ದುಡಿಯುವ ವಯಸ್ಸಿನ ಗಂಡಸರು, ಹೆಂಗಸರು ನಡೆಯಲಾರದವರಾಗಿದ್ದರು. ಮೊದಲು ಸೊಂಟದ ಕೀಲಿನಲ್ಲಿ, ಮಂಡಿಯಲ್ಲಿ ಬಂದು ಹೋಗುವ ನೋವು. ಕ್ರಮೇಣ ನೋವು ನೆಲೆನಿಲ್ಲುತ್ತದೆ. ಕೀಲು ಬಿಗಿಯುತ್ತದೆ, ತೊಡೆ ಪೂರ್ತಿ ನೆಟ್ಟಗಾಗದೆ ಮಡಚಿಕೊಂಡೇ ಉಳಿಯುತ್ತದೆ. ನೆಟ್ಟಗೆ ನಿಲ್ಲಬೇಕೆಂದರೆ ಮುಂದಕ್ಕೆ ಬಾಗಬೇಕು. ಮುಂದೆ ಕೋಲು ಬೇಕು. ಕೊನೆಗೆ ಕೆಲವರಿಗೆ ಕುಳಿತಲ್ಲಿಂದಲೇ ತೆವಳಿಕೊಂಡು ಹೋಗುವುದೊಂದೇ ದಾರಿ. ಇವರ ನಡುವೆ ಎತ್ತರ ಕುಂಠಿತರಾದವರೂ ಇದ್ದರು.

ಆ ಕಾಲವನ್ನೂ ಸ್ವಲ್ಪ ನೆನೆಯಬೇಕು. ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಕಾಗೋಡಿನ ಸತ್ಯಾಗ್ರಹ ಕೇಳಿದ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರ ಅದು. ಗೇಣಿ ಮಾಡುತ್ತಿದ್ದವನು ಭೂಮಿಯ ಒಡೆಯನಾದ. ಆದರೆ ಗೇಣಿಯೂ ಇಲ್ಲದೆ ದಿನಗೂಲಿಗೆ ನಾಟಿ, ಕೊಯ್ಲು ಮಾಡುತ್ತಿದ್ದವರ ಕೈಗೆ ಅರ್ಜಿ ಹಾಕಲು ಹಿಡುವಳಿಯೇ ಇರಲಿಲ್ಲ. ಹಂದಿಗೋಡು ಕಾಯಿಲೆ ಕಂಡುಬಂದದ್ದು ಹೆಚ್ಚಾಗಿ ಇಂತಹವರಲ್ಲಿ. ದಾಖಲೆಗಳಲ್ಲಿ ಬರುವುದು ಚಲವಾದಿ ಮತ್ತು ಚನ್ನಂಗಿ ಎಂಬ ಎರಡು ದಲಿತ ಸಮುದಾಯಗಳ ಹೆಸರು. ಶಿವಮೊಗ್ಗ ಜಿಲ್ಲೆಯ ಬೇರೆ ಊರುಗಳಲ್ಲೂ ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೇ ಬಗೆಯ ರೋಗಿಗಳು ಇದ್ದರು. ನಾಟಿಯ ಗದ್ದೆಯಲ್ಲಿ ಸೊಂಟ ಬಗ್ಗಿಸಿ ದುಡಿಯುವುದೇ ಅನ್ನದ ದಾರಿಯಾಗಿದ್ದವರಿಗೆ ಸೊಂಟವೇ ಹೋಗುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ.

ಏಡಿಯ ಮೇಲೆ ಬಂದ ಸಂಶಯ

ಹೊಸ ಕಾಯಿಲೆಯನ್ನು ಕಂಡಾಗ ಮೊದಲು ಕೇಳುವ ಪ್ರಶ್ನೆ, ಈ ಜನ ಏನು ತಿನ್ನುತ್ತಾರೆ ಎಂಬುದು. ಉತ್ತರ ಕೈಗೆಟುಕುವಂತೆಯೇ ಇತ್ತು. ಮಲೆನಾಡಿನ ಗದ್ದೆಯಂಚಿನ ಏಡಿ ಬಡವರ ಪಾಲಿನ ಮಾಂಸ. ಹಸಿರು ಕ್ರಾಂತಿಯ ಆ ವರ್ಷಗಳಲ್ಲಿ ಭತ್ತದ ಗದ್ದೆಗೆ ಹೊಸ ತಳಿಗಳ ಜತೆ ಪ್ಯಾರಾಥಿಯಾನ್, ಎಂಡ್ರಿನ್‌ಗಳಂತಹ ಕೀಟನಾಶಕಗಳೂ ಬಂದಿದ್ದವು. ವಿಷ ಗದ್ದೆಯ ನೀರಿಗೆ, ನೀರಿನಿಂದ ಏಡಿಗೆ, ಏಡಿಯಿಂದ ಮನುಷ್ಯನಿಗೆ ಬಂದಿರಬೇಕು ಎಂಬ ಊಹೆ ಬಲವಾಗಿ ಹಬ್ಬಿತು. ದೇಶದ ಪರಿಸರ ಸ್ಥಿತಿಯ ಚರ್ಚೆಗಳಲ್ಲಿ ಹಂದಿಗೋಡಿನ ಏಡಿ ಒಂದು ಉದಾಹರಣೆಯಾಗಿಯೇ ನಿಂತಿತು. ಇಂದಿಗೂ ಈ ಕಾಯಿಲೆಯ ಮಾತೆತ್ತಿದರೆ ಕೆಲವರು ಏಡಿಯ ಕಥೆಯನ್ನೇ ಹೇಳುತ್ತಾರೆ.

ಈ ಊಹೆಯನ್ನು ಈಗ ನಗೆಯಾಡಿ ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. ಹಂದಿಗೋಡಿನ ಅಧ್ಯಯನಕ್ಕೆ ಬಂದದ್ದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳಾದ ರಮೇಶ ವಿ. ಭಟ್ ಮತ್ತು ಕೆ.ಎ.ವಿ.ಆರ್. ಕೃಷ್ಣಮಾಚಾರಿ. ಇವರಿಬ್ಬರೂ ಅದಕ್ಕೆ ಸ್ವಲ್ಪ ಮುಂಚೆ ಏನು ನೋಡಿದ್ದರು ಎಂಬುದು ಮುಖ್ಯ. 1974ರಲ್ಲಿ ಪಶ್ಚಿಮ ಭಾರತದ ಬುಡಕಟ್ಟು ಜನರ ಹಳ್ಳಿಗಳಲ್ಲಿ ಕಾಮಾಲೆ ಬಂದು ಅನೇಕರು ಸತ್ತಾಗ, ಅದು ಸೋಂಕಲ್ಲ, ಬೂಷ್ಟು ಹಿಡಿದ ಮೆಕ್ಕೆಜೋಳದ ಅಫ್ಲಟಾಕ್ಸಿನ್ ವಿಷ ಎಂದು ತೋರಿಸಿದ ತಂಡದಲ್ಲಿ ಇವರಿಬ್ಬರೂ ಇದ್ದರು. 1973ರಲ್ಲಿ ಕೃಷ್ಣಮಾಚಾರಿಯವರು ಸಹೋದ್ಯೋಗಿಯೊಂದಿಗೆ ಪ್ರಕಟಿಸಿದ ಇನ್ನೊಂದು ಲೇಖನ, ಫ್ಲೋರೈಡ್ ತುಂಬಿದ ನೀರು ಕುಡಿಯುವ ಊರುಗಳಲ್ಲಿ ಎಳೆಯರ ಮಂಡಿ ಒಳಕ್ಕೆ ಬಾಗುವುದನ್ನು ಕುರಿತದ್ದು. ಅನ್ನದಲ್ಲೂ ನೀರಿನಲ್ಲೂ ಇರುವ ವಿಷ ಬಡವರನ್ನು ಹೇಗೆ ಹಿಂಡುತ್ತದೆ ಎಂದು ಕಣ್ಣಾರೆ ಕಂಡವರು ಹಂದಿಗೋಡಿನಲ್ಲೂ ಅನ್ನವನ್ನು, ನೀರನ್ನು ಪರೀಕ್ಷಿಸದೆ ಬಿಡುವಂತಿರಲಿಲ್ಲ.

ಕೀಟನಾಶಕದ ಮೇಲಿನ ಸಂಶಯವೂ ಬರಿಯ ಭ್ರಮೆಯಲ್ಲ. ನಮ್ಮ ಕನ್ನಡಿಗರೇ ಇರುವ ಕಾಸರಗೋಡಿನ ಗೇರುತೋಟಗಳ ಸುತ್ತ ಎಂಡೋಸಲ್ಫಾನ್ ಸಿಂಪಡಣೆಯ ವಿರುದ್ಧ ಜನ ವರ್ಷಾನುಗಟ್ಟಲೆ ಕೂಗಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದರ ಉತ್ಪಾದನೆ, ಮಾರಾಟಗಳನ್ನು ತಡೆಯಿತು. ಗದ್ದೆಗೆ ಸುರಿದ ವಿಷ ಆರೋಗ್ಯಕ್ಕೆ ಹಾನಿಕರ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇದೇ ಕಾಯಿಲೆಗೆ ಇದೇ ವಿಷ ಕಾರಣವೇ ಎಂಬುದು ಬೇರೆಯೇ ಪ್ರಶ್ನೆ. ಹಂದಿಗೋಡಿನಲ್ಲಿ ಅದಕ್ಕೆ ಉತ್ತರ ಕೊಟ್ಟದ್ದು ಎರಡು ಸಾಕ್ಷಿಗಳು. ಒಂದು ವಂಶವೃಕ್ಷ, ಇನ್ನೊಂದು ಬೆನ್ನುಮೂಳೆ.

ಮನೆತನದ ಗುರುತು

ಭಟ್ ಮತ್ತು ಕೃಷ್ಣಮಾಚಾರಿಯವರ ಅಧ್ಯಯನ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಯತಕಾಲಿಕದಲ್ಲಿ 1977ರಲ್ಲಿ ಅಚ್ಚಾಯಿತು. ಅದರ ಶೀರ್ಷಿಕೆಯಲ್ಲಿ ಹಂದಿಗೋಡು ಇಲ್ಲ. ಅವರು ಇದನ್ನು ಕರೆದದ್ದು ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತ ಎಂದು. ಕೌಟುಂಬಿಕ ಎಂಬ ಮಾತು ಆಗಲೇ ಶೀರ್ಷಿಕೆಗೆ ಬಂದಿತ್ತು ಎಂಬುದು ಗಮನಾರ್ಹ. ವಿಷದ ಕಥೆ ಹೊರಗೆ ಓಡಾಡುತ್ತಿದ್ದಾಗಲೇ ವಿಜ್ಞಾನಿಗಳ ಕಣ್ಣು ರಕ್ತಸಂಬಂಧದ ಮೇಲೆ ಬಿದ್ದಿತ್ತು.

ವಿಷವಾದರೆ ಅದು ಬಾಳೆಯೆಲೆಯ ಸುತ್ತ ಕುಳಿತವರನ್ನೆಲ್ಲ ಹಿಡಿಯಬೇಕು. ಬೇರೆ ಮನೆಯಿಂದ ಬಂದ ಸೊಸೆ ಅದೇ ಸಾರು ಉಣ್ಣುತ್ತಾಳೆ, ಅವಳನ್ನೂ ಬಿಡಬಾರದು. ಅನುವಂಶೀಯ ಕಾಯಿಲೆ ಹಾಗಲ್ಲ. ಅದು ಒಲೆಯನ್ನು ಕೇಳುವುದಿಲ್ಲ, ಹೆತ್ತವರನ್ನು ಕೇಳುತ್ತದೆ. ಬಿ.ಎಸ್‌ಸಿ. ತರಗತಿಯಲ್ಲಿ ನಾವು ಬರೆದ ಮೆಂಡೆಲನ ಬಟಾಣಿ ಚೌಕಗಳು ಇಲ್ಲಿ ಮನುಷ್ಯರ ಬದುಕಿನಲ್ಲಿ ಎದುರಾಗುತ್ತವೆ. ಮುಂದಿನ ಅಧ್ಯಯನಗಳು ಖಚಿತಪಡಿಸಿದಂತೆ ಈ ಕಾಯಿಲೆಯ ಸಾಗಾಣಿಕೆ ಪ್ರಬಲ ಗುಣದ ರೀತಿಯದು. ಅಂದರೆ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದ ಒಂದೇ ಒಂದು ದೋಷಯುತ ಜೀನು ಸಾಕು. ಕಾಯಿಲೆಯಿರುವವರ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ದಾಟುವ ಸಾಧ್ಯತೆ ನೂರಕ್ಕೆ 50. ದಾಟದಿರುವ ಸಾಧ್ಯತೆಯೂ ಅಷ್ಟೇ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಸರಿಪಡಿಸಬೇಕು. ಒಳಗೊಳಗೇ ಮದುವೆಯಾದದ್ದರಿಂದ ಈ ಕಾಯಿಲೆ ಹುಟ್ಟಿತು ಎಂಬುದು ಮೊದಲನೆಯದು. ಪ್ರಬಲ ಗುಣದ ಕಾಯಿಲೆ ಹುಟ್ಟಲು ರಕ್ತಸಂಬಂಧದ ಮದುವೆ ಬೇಕಿಲ್ಲ. ಜಾತಿಯೊಳಗಿನ ಮದುವೆಗಳಿಂದ ಅದು ಹೊರಗೆ ಹರಡದೆ ಕೆಲವೇ ಕುಟುಂಬಗಳ ವಲಯದಲ್ಲಿ ಉಳಿಯುತ್ತದೆ, ಅಷ್ಟೆ. ಜಾತಿಯೊಳಗೆ ಮದುವೆಯಾಗುವುದು ನಮ್ಮ ದೇಶದ ಎಲ್ಲ ಜಾತಿಗಳ ರೂಢಿ. ಎರಡನೆಯದು, ಇದು ಒಂದು ಜಾತಿಯ ಕಾಯಿಲೆ ಎಂಬುದು. ಯಾವುದೋ ಒಂದು ತಲೆಮಾರಿನಲ್ಲಿ ಯಾರೋ ಒಬ್ಬರ ಜೀನಿನಲ್ಲಿ ಆದ ಬದಲಾವಣೆ ಯಾವ ಮನೆಯಲ್ಲಿ ಬೇಕಾದರೂ ಆಗಬಹುದಿತ್ತು. ಅದು ದೇವರ ಶಾಪವಲ್ಲ, ಪೂರ್ವಜನ್ಮದ ಕರ್ಮವಲ್ಲ, ಕೊಳಕಿನ ಫಲವೂ ಅಲ್ಲ.

ಮಣಿಗಳು ಚಪ್ಪಟೆಯಾದಾಗ

ಈಗ ಬೆನ್ನುಮೂಳೆಯ ಮಾತಿಗೆ ಬರೋಣ. ರೋಗಿಗಳು ಕೈಯಿಟ್ಟು ತೋರಿಸುತ್ತಿದ್ದದ್ದು ಸೊಂಟದ ಕೀಲನ್ನು. ನೋಡುವವರ ಕಣ್ಣೂ ಅಲ್ಲೇ. ಕೀಲು ಸವೆದಿದೆ, ಆದ್ದರಿಂದ ಇದು ಸಂಧಿವಾತ. ಆದರೆ ಸವೆದ ಕೀಲು ಒಂದು ಫಲಿತಾಂಶ, ಕಾರಣವಲ್ಲ. ಪೆಟ್ಟಿನಿಂದ, ಸೋಂಕಿನಿಂದ, ವಿಷದಿಂದ, ಮುಪ್ಪಿನಿಂದ, ಯಾವುದರಿಂದ ಬೇಕಾದರೂ ಕೀಲು ಸವೆಯಬಹುದು. ಕೀಲನ್ನಷ್ಟೇ ನೋಡುತ್ತಿದ್ದರೆ ಏಡಿಯ ವಾದ ಮುಗಿಯುತ್ತಲೇ ಇರಲಿಲ್ಲ.

ನಮ್ಮ ಬೆನ್ನುಮೂಳೆ ಒಂದೇ ಮೂಳೆಯಲ್ಲ, ಪೋಣಿಸಿದ ಮಣಿಗಳ ಸರ. ಮಗುವಿನಲ್ಲಿ 33 ಮಣಿಗಳು. ಬೆಳೆದಂತೆ ಕೆಳಗಿನ ಕೆಲವು ಬೆಸೆದುಕೊಂಡು ವಯಸ್ಕರಲ್ಲಿ ಒಟ್ಟು 26 ಮೂಳೆಗಳಾಗುತ್ತವೆ. ಪ್ರತಿ ಮಣಿಯ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಮೃದ್ವಸ್ಥಿಯ, ಅಂದರೆ ಮೆತ್ತನೆಯ ಎಲುಬಿನ, ಒಂದು ಪದರ ಇರುತ್ತದೆ. ಮಗು ಬೆಳೆಯುವ ವರ್ಷಗಳಲ್ಲಿ ಈ ಪದರ ಹೊಸ ಮೂಳೆಯನ್ನು ಕಟ್ಟುತ್ತ ಮಣಿಯನ್ನು ಎತ್ತರಿಸುತ್ತದೆ. ತೊಡೆಮೂಳೆಯ ಗುಂಡುತುದಿಯೂ ಇದೇ ರೀತಿ ಮೃದ್ವಸ್ಥಿಯಿಂದ ಕಟ್ಟಿದ್ದು. ಕಟ್ಟುವ ವಸ್ತುವಿನಲ್ಲೇ ಕೊರತೆಯಿದ್ದರೆ ಏನಾಗುತ್ತದೆ? ತೊಡೆಯ ಗುಂಡುತುದಿ ಗುಂಡಾಗದೆ ಚಪ್ಪಟೆಯಾಗುತ್ತದೆ, ಸೊಂಟದ ಬಟ್ಟಲಿನಲ್ಲಿ ಸರಿಯಾಗಿ ಕೂರದೆ ಬೇಗ ಸವೆಯುತ್ತದೆ. ಅದೇ ಕೊರತೆಯಿಂದ ಬೆನ್ನಿನ ಮಣಿಗಳೂ ಎತ್ತರವಾಗದೆ ಬಿಲ್ಲೆಗಳಂತೆ ಉಳಿಯುತ್ತವೆ.

ಸೊಂಟದ ಕೀಲು ನೋವಿನಿಂದ ಕೂಗಿ ಹೇಳುತ್ತದೆ, ಬೆನ್ನಿನ ಮಣಿ ಎಷ್ಟೋ ಕಾಲ ಮೌನವಾಗಿರುತ್ತದೆ. ಆದರೆ ಎಕ್ಸ್-ರೇ ಹಾಳೆಯಲ್ಲಿ ಚಪ್ಪಟೆ ಮಣಿಗಳು ಕಾಣುತ್ತವೆ. ಒಂದೆರಡು ಮಣಿಗಳಾಗಿದ್ದರೆ ಅಪಘಾತವೋ ಕ್ಷಯವೋ ಎನ್ನಬಹುದು. ಸಾಲಾಗಿ ಅನೇಕ ಮಣಿಗಳು ಚಪ್ಪಟೆಯಾಗಿ, ಜತೆಗೆ ಉದ್ದ ಮೂಳೆಗಳ ತುದಿಗಳೂ ವಿಕಾರವಾಗಿದ್ದರೆ, ಮೂಳೆ ಬೆಳೆಯುವ ಎಳೆತನದಲ್ಲೇ ಕಟ್ಟಡ ಕೆಟ್ಟಿದೆ ಎಂದರ್ಥ. ನಡುವಯಸ್ಸಿನಲ್ಲಿ ಕೂಡಿಕೊಂಡ ಸವೆತ ಇದಲ್ಲ. ಫ್ಲೋರೈಡ್ ವಿಷದ ಬೆನ್ನುಮೂಳೆ ಇದಕ್ಕಿಂತ ಬೇರೆ. ಅಲ್ಲಿ ಮೂಳೆ ದಟ್ಟವಾಗುತ್ತದೆ, ಅಸ್ಥಿಬಂಧಗಳಲ್ಲಿ ಸುಣ್ಣ ಕಟ್ಟುತ್ತದೆ. ಇಲ್ಲಿ ಕೆಟ್ಟಿರುವುದು ಮಣಿಯ ಆಕಾರವೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಬಂದ ಮುಂದಿನ ತಂಡದವರು ನೋಡಿದ್ದು ಇದನ್ನೇ. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ಎಸ್.ಎಸ್. ಅಗರ್‌ವಾಲ್, ಶುಭಾ ಫಡ್ಕೆ ಮತ್ತು ಸಂಗಡಿಗರು ರೋಗಿಗಳ ಎಕ್ಸ್-ರೇಗಳನ್ನು ಕ್ರಮವಾಗಿ ಓದಿ 1994ರಲ್ಲಿ ಲೇಖನ ಪ್ರಕಟಿಸಿದರು. ಇದು ಹೊಸ ಬಗೆಯ ಸ್ಪಾಂಡೈಲೋ-ಎಪಿ-ಮೆಟಾಫಿಸಿಯಲ್ ಡಿಸ್‌ಪ್ಲೇಸಿಯಾ ಎಂಬುದು ಅವರ ತೀರ್ಮಾನ. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಸ್ಪಾಂಡೈಲೋ ಎಂದರೆ ಬೆನ್ನಿನ ಮಣಿ. ಎಪಿಫಿಸಿಸ್ ಎಂದರೆ ಉದ್ದ ಮೂಳೆಯ ತುದಿ, ಮೆಟಾಫಿಸಿಸ್ ಎಂದರೆ ಆ ತುದಿಯ ಪಕ್ಕದ ಭಾಗ. ಡಿಸ್‌ಪ್ಲೇಸಿಯಾ ಎಂದರೆ ತಪ್ಪಾಗಿ ರೂಪುಗೊಂಡದ್ದು. ಸಂಧಿವಾತ ಎಂದು ಆರಂಭವಾದ ಕಾಯಿಲೆಯ ಶಾಸ್ತ್ರೀಯ ಹೆಸರಿನಲ್ಲಿ ಬೆನ್ನುಮೂಳೆ ಮೊದಲ ಸ್ಥಾನಕ್ಕೆ ಬಂದಿತ್ತು.

ಈ ಅಧ್ಯಯನಗಳು ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿವೆ. ಮೊದಲ ಗುಂಪಿನವರ ಎತ್ತರ ಸಾಮಾನ್ಯ, ತೊಂದರೆ ಮುಖ್ಯವಾಗಿ ಸೊಂಟದ ಕೀಲಿನಲ್ಲಿ. ಎರಡನೆಯ ಗುಂಪಿನಲ್ಲಿ ಸೊಂಟದ ಜತೆಗೆ ಬೆನ್ನುಮೂಳೆಯ ವ್ಯತ್ಯಾಸಗಳೂ ಸೇರಿ ಎತ್ತರ ಕುಗ್ಗಿರುತ್ತದೆ. ಮೂರನೆಯ ಗುಂಪಿನಲ್ಲಿ ಸೊಂಟ, ಮಂಡಿ, ಬೆನ್ನುಮೂಳೆ ಎಲ್ಲವೂ ಸೇರಿ ಕುಬ್ಜತೆ ಸ್ಪಷ್ಟವಾಗಿ ಕಾಣುತ್ತದೆ. ನಡೆಯಲಾರದ ಎತ್ತರದ ಮನುಷ್ಯ, ಕುಳ್ಳಗೆ ಉಳಿದ ಹುಡುಗಿ, ಇವರಿಬ್ಬರದೂ ಒಂದೇ ಕಾಯಿಲೆಯ ಬೇರೆ ಬೇರೆ ರೂಪಗಳೆಂದು ಹೀಗೆ ತಿಳಿಯಿತು.

ಇಂತಹದೇ ಇನ್ನೊಂದು ಊರು

ಹಂದಿಗೋಡಿಗೆ ದೂರದಲ್ಲೊಂದು ಜತೆಯೂ ಇದೆ. ದಕ್ಷಿಣ ಆಫ್ರಿಕದ ಈಶಾನ್ಯ ಮೂಲೆಯ ಜುಲು ನಾಡಿನಲ್ಲಿ ಮ್ಸೆಲೆನಿ ಎಂಬ ಊರು. ಅಲ್ಲಿಯೂ ಬಡ ಹಳ್ಳಿಗರ ಸೊಂಟದ ಕೀಲುಗಳು ಅಕಾಲದಲ್ಲಿ ಸವೆಯುತ್ತಿದ್ದವು. 1970ರಲ್ಲಿ ವೈದ್ಯಕೀಯ ಪತ್ರಿಕೆಗಳಿಗೆ ಆ ಸುದ್ದಿ ಬಂತು, ಆ ಕಾಯಿಲೆಗೂ ಊರಿನ ಹೆಸರೇ ನಿಂತಿತು. 1997ರಲ್ಲಿ ಅಗರ್‌ವಾಲ್ ಮತ್ತು ಫಡ್ಕೆ ಅವರು ಮ್ಸೆಲೆನಿಯ ವೈದ್ಯ ಫ್ರೆಡ್ಲಂಡ್ ಮತ್ತು ಕೇಪ್‌ಟೌನಿನ ತಳಿತಜ್ಞ ಪೀಟರ್ ಬೈಟನ್ ಮುಂತಾದವರ ಜತೆ ಸೇರಿ, ಇವೆರಡೂ ಒಂದೆಯೇ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು ಲೇಖನ ಬರೆದರು. ಸಮುದ್ರದ ಆಚೆ ಈಚೆಯ ಎರಡು ಹಳ್ಳಿಗಳ ಬಡವರ ಎಕ್ಸ್-ರೇಗಳು ಹೀಗೆ ಒಂದೇ ಮೇಜಿನ ಮೇಲೆ ಬಂದವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾರಾನಾಥ ಶೆಟ್ಟಿ ಮತ್ತು ಸಂಗಡಿಗರು ರೋಗಿಗಳ ರಕ್ತದಲ್ಲಿ ಮೆಗ್ನೀಸಿಯಂ ಮತ್ತು ತಾಮ್ರವನ್ನು ಹೊರುವ ಪ್ರೋಟೀನಿನ ಸ್ಥಿತಿಯನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು.

ಇದೇ ಕುಟುಂಬಕ್ಕೆ ಸೇರಿದ ಬೇರೆ ಕೆಲವು ಮೂಳೆ ಕಾಯಿಲೆಗಳಲ್ಲಿ ಜೀನು ಯಾವುದೆಂದು ತಿಳಿದಿದೆ. ಮೃದ್ವಸ್ಥಿಯ ಮುಖ್ಯ ನಾರಾದ ಎರಡನೆಯ ಬಗೆಯ ಕೊಲಾಜೆನ್ ತಯಾರಿಕೆಗೆ ಸೂಚನೆ ಕೊಡುವ ಜೀನು 12ನೆಯ ವರ್ಣತಂತುವಿನಲ್ಲಿದೆ. ಅದರ ದೋಷದಿಂದ ಬೆನ್ನಿನ ಮಣಿ ಹಾಗೂ ಮೂಳೆಯ ತುದಿಗಳು ಹುಟ್ಟಿನಿಂದಲೇ ಕೆಡುವ ಕಾಯಿಲೆಯೊಂದು ಬರುತ್ತದೆ ಎಂದು 1989ರಲ್ಲಿ ಗೊತ್ತಾಯಿತು. ಗೋಡೆ ಕಟ್ಟುವ ಗಾರೆಯ ಪಾಕವೇ ತಪ್ಪಿದರೆ ಮನೆಯ ಎಲ್ಲ ಕೋಣೆಗಳಲ್ಲೂ ಬಿರುಕು ಕಾಣುವಂತೆ, ಒಂದು ನಾರಿನ ತಪ್ಪು ಬೆನ್ನಿನಲ್ಲೂ ಸೊಂಟದಲ್ಲೂ ಒಟ್ಟಿಗೆ ಕಾಣುತ್ತದೆ.

ಬೆನ್ನು ಕೊಡುವ ತೊಂದರೆಗಳು

ಬೆನ್ನುಮೂಳೆಯ ಸಾಕ್ಷಿ ವಿಜ್ಞಾನಿಗಳಿಗೆ ಉತ್ತರವಾಯಿತು. ಆದರೆ ಆ ಬೆನ್ನನ್ನು ಹೊತ್ತು ಬದುಕುವವರಿಗೆ ಅದು ಉತ್ತರವಲ್ಲ, ಹೊರೆ. ಬೆನ್ನಿನ ಮಣಿಗಳು ಕೆಡುವ ಅನುವಂಶೀಯ ಮೂಳೆ ಕಾಯಿಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆಗಳನ್ನು ಇಲ್ಲಿ ಹೇಳುವುದು ಉಪಯುಕ್ತ. ಎಲ್ಲರಿಗೂ ಎಲ್ಲವೂ ಬರುತ್ತದೆ ಎಂದು ಇದರರ್ಥವಲ್ಲ.

ಮಣಿಗಳು ಗಿಡ್ಡವಾದಾಗ ಮುಂಡ ಗಿಡ್ಡವಾಗುತ್ತದೆ, ಕೈಕಾಲುಗಳು ಹೋಲಿಕೆಯಲ್ಲಿ ಉದ್ದ ಕಾಣುತ್ತವೆ. ಮಣಿಗಳ ನಡುವಿನ ಡಿಸ್ಕುಗಳು ಬೇಗ ಸವೆಯುತ್ತವೆ. ಬೆನ್ನು ಗೂನಾಗಬಹುದು ಅಥವಾ ಪಕ್ಕಕ್ಕೆ ಬಾಗಬಹುದು. ಬಾಗು ಹೆಚ್ಚಾದರೆ ಎದೆಗೂಡು ಇಕ್ಕಟ್ಟಾಗಿ ಉಸಿರಿಗೆ ಅಡ್ಡಿಯಾಗುತ್ತದೆ. ಸೊಂಟದ ಕೀಲು ಮಡಚಿಕೊಂಡಿರುವವರು ನೆಟ್ಟಗೆ ನಿಲ್ಲಲು ನಡುವನ್ನು ಒಳಕ್ಕೆ ಬಗ್ಗಿಸುತ್ತಾರೆ, ಆದ್ದರಿಂದ ನಡುವಿನ ಮಣಿಗಳ ಮೇಲೆ ಇನ್ನಷ್ಟು ಭಾರ. ಅನೇಕ ಸಲ ಸೊಂಟದ ನೋವು, ಬೆನ್ನಿನ ನೋವು ಎಂದು ಬೇರೆ ಬೇರೆ ಹೇಳುವುದು ಒಂದೇ ಸರಪಳಿಯ ಎರಡು ಕೊಂಡಿಗಳು.

ಇನ್ನೂ ಗಂಭೀರವಾದದ್ದು ಬೆನ್ನುಹುರಿಯ ವಿಚಾರ. ಮಣಿಗಳ ಹಿಂದಿನ ಕೊಳವೆಯಲ್ಲಿ ಮೆದುಳಿನಿಂದ ಇಳಿದು ಬರುವ ನರಗಳ ಹುರಿ ಇದೆ. ಕೊಳವೆ ಕಿರಿದಾದರೆ ಹುರಿಯೋ ಅದರಿಂದ ಹೊರಡುವ ನರಗಳೋ ಅದುಮಿಹೋಗುತ್ತವೆ. ಕಾಲು ಜೋಮು ಹಿಡಿಯುವುದು, ಸ್ವಲ್ಪ ದೂರ ನಡೆದರೆ ಕಾಲಿನ ಬಲ ಉಡುಗಿ ಮುಂದಕ್ಕೆ ಬಾಗಿದಾಗ ಅಥವಾ ಕುಳಿತಾಗ ಹಗುರವಾಗುವುದು, ಹೆಜ್ಜೆ ತಪ್ಪುವುದು, ಮೂತ್ರದ ಹಿಡಿತ ಕಳೆದುಕೊಳ್ಳುವುದು ಇದರ ಸೂಚನೆಗಳು. ಹೇಗೂ ಇದು ನಮ್ಮ ಮನೆತನದ ಕಾಯಿಲೆ ಎಂದು ಇಂತಹ ಹೊಸ ಲಕ್ಷಣವನ್ನು ಸುಮ್ಮನೆ ಬಿಡಬಾರದು. ತಡಮಾಡಿದರೆ ನರದ ಹಾನಿ ಶಾಶ್ವತವಾಗಬಹುದು, ಸಕಾಲಕ್ಕೆ ತಜ್ಞರ ಬಳಿ ಹೋದರೆ ಒತ್ತಡ ಇಳಿಸುವ ಶಸ್ತ್ರಚಿಕಿತ್ಸೆ ಸಾಧ್ಯ. ಈ ಗುಂಪಿನ ಕೆಲವು ಕಾಯಿಲೆಗಳಲ್ಲಿ ಕತ್ತಿನ ಮೇಲಿನ ಎರಡು ಮಣಿಗಳ ಜೋಡಣೆ ಸಡಿಲವಿರುತ್ತದೆ. ಹಾಗಾಗಿ ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ಕೊಡುವ ವೈದ್ಯರಿಗೆ ಕುಟುಂಬದ ಕಾಯಿಲೆಯ ವಿಷಯ ತಿಳಿಸಲೇಬೇಕು. ಅವರು ಕತ್ತಿನ ಎಕ್ಸ್-ರೇ ನೋಡಿ, ಕತ್ತನ್ನು ಹಿಂದಕ್ಕೆ ಬಗ್ಗಿಸುವಾಗ ಎಚ್ಚರ ವಹಿಸುತ್ತಾರೆ.

ಅನುವಂಶೀಯ ಎಂಬ ಮಾತಿಗೆ ನಮ್ಮಲ್ಲಿ ವಿಧಿಲಿಖಿತ ಎಂಬ ಅರ್ಥ ಅಂಟಿಕೊಂಡಿದೆ. ವಿಷ ಎಂದಾಗ ಸಿಟ್ಟು ಬರುತ್ತದೆ, ಯಾರನ್ನಾದರೂ ಹೊಣೆ ಮಾಡಬೇಕೆನಿಸುತ್ತದೆ. ಅನುವಂಶೀಯ ಎಂದೊಡನೆ ಎಲ್ಲರೂ ಕೈಚೆಲ್ಲಿಬಿಡುತ್ತೇವೆ. ಇದು ತಪ್ಪು. ಜೀನನ್ನು ತಿದ್ದಲಾಗದಿದ್ದರೂ ಸವೆದ ಸೊಂಟದ ಕೀಲನ್ನು ಬದಲಿಸಬಹುದು. ನೋವನ್ನು ಇಳಿಸಬಹುದು, ವ್ಯಾಯಾಮದಿಂದ ಸ್ನಾಯುಗಳನ್ನು ಗಟ್ಟಿಮಾಡಿ ಕೀಲು ಬಿಗಿಯುವುದನ್ನು ಮುಂದೂಡಬಹುದು, ತೂಕ ಹೆಚ್ಚದಂತೆ ನೋಡಿಕೊಳ್ಳಬಹುದು. ಮಕ್ಕಳ ಬೆನ್ನನ್ನೂ ಎತ್ತರವನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಬಹುದು. ಬಗ್ಗಿ ಭಾರ ಹೊರುವ ಕೆಲಸವೊಂದೇ ಗತಿಯಾಗದಂತೆ ಮಕ್ಕಳನ್ನು ಓದಿಸುವುದೂ ಇಲ್ಲಿ ಚಿಕಿತ್ಸೆಯ ಭಾಗವೇ.

ಹೆಸರಿನ ಭಾರ

ಕೊನೆಯದಾಗಿ ಹೆಸರಿನ ವಿಷಯ. 1977ರ ಲೇಖನ ಮಲೆನಾಡು ಎಂದಿತು, ಆದರೆ ಬಳಕೆಯಲ್ಲಿ ಉಳಿದದ್ದು ಹಂದಿಗೋಡು. ಕಾಯಿಲೆಗೆ ಊರಿನ ಹೆಸರಿಟ್ಟರೆ ವೈದ್ಯರಿಗೆ ನೆನಪಿಡಲು ಸುಲಭ. ಊರಿನವರಿಗೆ ಅದು ಸುಲಭವಲ್ಲ. ಹೆಣ್ಣು ನೋಡಲು ಬಂದವರು, ಕೆಲಸ ಕೊಡುವವರು, ಶಾಲೆಯ ಗೆಳೆಯರು ಯಾವ ಊರು ಎಂದು ಕೇಳಿದಾಗ ಉತ್ತರಿಸುವ ಬಾಯಿ ಒಂದು ಕ್ಷಣ ತಡೆಯುವಂತಾದರೆ ಆ ಹೆಸರಿನ ಬೆಲೆ ಎಷ್ಟೆಂದು ತಿಳಿಯುತ್ತದೆ. ಕಾಯಿಲೆ ಇರುವುದು ಕೆಲವು ಕುಟುಂಬಗಳಲ್ಲಿ, ಹೆಸರು ಮಾತ್ರ ಇಡೀ ಊರಿನದು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಸಾಂಕ್ರಾಮಿಕ ಕಾಯಿಲೆಗಳಿಗೆ ಊರು, ದೇಶ, ಜನಾಂಗಗಳ ಹೆಸರಿಡಬೇಡಿ ಎಂದು ಸಲಹೆ ನೀಡಿತು. ಅಷ್ಟರಲ್ಲಿ ಕ್ಯಾಸನೂರು, ಹಂದಿಗೋಡು, ಮ್ಸೆಲೆನಿಗಳ ಹೆಸರು ಪುಸ್ತಕಗಳಲ್ಲಿ ಗಟ್ಟಿಯಾಗಿ ಕುಳಿತಿತ್ತು.

ಆದರೂ ಹೆಸರಿನಿಂದ ಒಂದು ಅನುಕೂಲವೂ ಇದೆ. ಹೆಸರಿದ್ದದ್ದನ್ನು ಇಲ್ಲವೆನ್ನಲಾಗದು. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿತ್ತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು, ಕುಬ್ಜತೆಯನ್ನೂ ಸೇರಿಸಿತು. ವಯಸ್ಕರಲ್ಲಿ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಎತ್ತರ ಇದ್ದರೆ ಅದರ ಲೆಕ್ಕಕ್ಕೆ ಬರುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ಅದರಡಿಯ ಉತ್ಕೃಷ್ಟತಾ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಸೇರಿದೆ. ಜೀನಿನ ಪರೀಕ್ಷೆ, ಮದುವೆಗೆ ಮುಂಚಿನ ಸಲಹೆ ಇವೆಲ್ಲ ಈಗ ಕನ್ನಡನಾಡಿನೊಳಗೇ ಸಿಗುವ ವಿಷಯಗಳು. ಸಲಹೆ ಎಂದರೆ ಮದುವೆಯಾಗಬೇಡಿ, ಮಕ್ಕಳು ಬೇಡ ಎಂದು ಹೇಳುವುದಲ್ಲ. ಏನಾಗಬಹುದು ಎಂದು ತಿಳಿಸಿ, ನಿರ್ಧಾರವನ್ನು ಅವರಿಗೇ ಬಿಡುವುದು.

ನಮ್ಮ ಕಸುಬಿನ ಒಂದು ಮಾತು ಹೇಳಿ ಮುಗಿಸುತ್ತೇನೆ. ನೆಲದ ಮೇಲೆ ಕುಳಿತವರನ್ನು ನಿಂತ ಕ್ಯಾಮೆರಾ ಮೇಲಿನಿಂದ ನೋಡಿದರೆ ತೆರೆಯ ಮೇಲೆ ಅವರು ಇನ್ನೂ ಚಿಕ್ಕವರಾಗಿ, ದಯನೀಯರಾಗಿ ಕಾಣುತ್ತಾರೆ. ಸ್ಟ್ಯಾಂಡನ್ನು ತಗ್ಗಿಸಿ ಅವರ ಕಣ್ಣಿನ ಮಟ್ಟಕ್ಕೆ ತಂದರೆ ಅದೇ ಮನುಷ್ಯ ನಮ್ಮ ಸಮಕ್ಕೆ ಕುಳಿತು ಮಾತಾಡುತ್ತಾನೆ. ಸುಮಾರು 50 ವರ್ಷಗಳಿಂದ ಹಂದಿಗೋಡಿನ ಬಡವರನ್ನು ಎಷ್ಟೋ ಕಣ್ಣುಗಳು ನೋಡಿವೆ. ಮೊದಲು ಅವರ ಊಟದ ತಟ್ಟೆಯನ್ನು, ಬಳಿಕ ಸೊಂಟವನ್ನು, ಬೆನ್ನನ್ನು, ರಕ್ತವನ್ನು ನೋಡಿವೆ. ಆ ನೋಟಗಳಿಂದ ವಿಜ್ಞಾನಕ್ಕೆ ಲಾಭವಾಯಿತು. ಮಲವಗೊಪ್ಪದಿಂದ ಅದೇ ರಸ್ತೆಯಲ್ಲಿ ಬಸ್ಸು ಹತ್ತಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುವ ನಾವೂ, ಸಾಗರದ ಕಡೆಯಿಂದ ಅಲ್ಲಿಗೇ ಬರುವ ಅವರೂ ಕುಳಿತುಕೊಳ್ಳುವುದು ಒಂದೇ ಬೆಂಚಿನ ಮೇಲೆ. ಪಕ್ಕದಲ್ಲಿ ಕುಳಿತವರು ಊರಿನ ಹೆಸರನ್ನು ಹಿಂಜರಿಯದೆ ಹೇಳುವಂತಾದರೆ, ಏಡಿಯ ಕಥೆಯನ್ನು ಬಿಟ್ಟು ನಿಜವನ್ನು ತಿಳಿದದ್ದು ಸಾರ್ಥಕ.